ಅಪ್ಪನ ಟವೆಲ್ಲಿನ ಕೆಳಗೆ ಅಕ್ಕನ ಕೈ

ನಮ್ಮ ಮನೆಯಲ್ಲಿ ಯಾವ ಬೆಲೆಯನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪ ಎತ್ತಿನ ದಲಾಲ. ಯಲಬುರ್ಗಾದ ಅಂಚಿನಲ್ಲಿ, ಎರೆಹೊಲಗಳು ಶುರುವಾಗುವ ಕಡೆ ನಮ್ಮ ಮನೆ. ಮುಂದೆ ದೊಡ್ಡ ಅಂಗಳ, ಅಂಗಳದ ತುಂಬ ಗೂಟಗಳು. ದೂರದಿಂದ ಸಂತೆಗೆ ಎತ್ತು ಹೊಡೆದುಕೊಂಡು ಬರುವವರು ಹಿಂದಿನ ದಿನವೇ ಬಂದು ಅಲ್ಲಿ ಕಟ್ಟಿ, ಅವ್ವ ಬಡಿದ ರೊಟ್ಟಿ, ಪುಂಡಿಪಲ್ಯ ಉಂಡು, ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಎಷ್ಟೋ ವ್ಯಾಪಾರಗಳು ಸಂತೆಯವರೆಗೆ ಹೋಗದೆ ಆ ಪಡಸಾಲೆಯಲ್ಲೇ ಮುಗಿಯುತ್ತಿದ್ದವು. ಅಪ್ಪ ಮಾರುವವನ ಎದುರು ಕೂತು, ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸುತ್ತಿದ್ದ. ಒಳಗೆ ಬೆರಳುಗಳು ಮಾತಾಡಿಕೊಳ್ಳುತ್ತಿದ್ದವು. ಒಂದು ಬೆರಳು ಹಿಡಿದರೆ ಒಂದು ಸಾವಿರ, ಬೆರಳಿನ ನಡುವಿನ ಗೆಣ್ಣು ಒತ್ತಿದರೆ ಐನೂರು, ಇಡೀ ಅಂಗೈ ಹಿಡಿದರೆ ಐದು ಸಾವಿರ. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅದೇ ಟವೆಲ್ಲು, ಅದೇ ಬೆರಳು. ಇಬ್ಬರ ಮನಸ್ಸಿನಲ್ಲಿರುವ ಬೆಲೆ ಅಪ್ಪ ಒಬ್ಬನಿಗೇ ಗೊತ್ತು. ಸುತ್ತ ಹತ್ತು ಜನ ಕೂತು ಬೀಡಿ ಸೇದುತ್ತಿದ್ದರೂ ಅವರಿಗೆ ಕಾಣುವುದು ಬರೀ ಟವೆಲ್ಲು. ಈ ಪದ್ಧತಿ ಮನೆಯೊಳಕ್ಕೂ ಹೇಗೆ ಇಳಿದಿತ್ತೆಂದರೆ, ನಮ್ಮ ಅವ್ವ ಕೊತ್ತಂಬರಿ ಮಾರುವವಳ ಜೊತೆಗೂ ದನಿ ತಗ್ಗಿಸಿಯೇ ಚೌಕಾಸಿ ಮಾಡುತ್ತಿದ್ದಳು. ನೆರೆಮನೆಯವರು ಅದನ್ನು ಆಡಿಕೊಂಡು ನಗುತ್ತಿದ್ದರು.

ಆ ಟವೆಲ್ಲಿನ ಕೆಳಗೆ ನನ್ನ ಅಕ್ಕನ ಕೈ ಹೋಗುತ್ತಿತ್ತು, ನನ್ನದು ಹೋಗುತ್ತಿರಲಿಲ್ಲ. ನನ್ನ ಬಾಲ್ಯದ ಬಗ್ಗೆ ಹೇಳುವುದಕ್ಕೆ ಇರುವುದು ಇಷ್ಟೇ, ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು. ಅಕ್ಕ ಈರವ್ವ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಶಾಲೆಯಲ್ಲಿ ಹಿಂದೆ, ಮನೆಗೆಲಸದಲ್ಲಿ ನಿಧಾನ, ಮಾತು ಕೇಳಿದರೆ ಅರ್ಧ ಉತ್ತರ. ಆದರೆ ಒಂದು ಸಲ ಅಂಗಳದಲ್ಲಿ ಹೋರಿಯೊಂದು ಅವಳ ಕಾಲು ತುಳಿದಾಗ ಅವಳು ಕಿರುಚಲಿಲ್ಲ, ಮುಖ ಕಿವಿಚಲಿಲ್ಲ, ಹೋರಿಯ ಮೊಣಕಾಲಿಗೆ ಮೆಲ್ಲಗೆ ತಟ್ಟಿ ಕಾಲು ಬಿಡಿಸಿಕೊಂಡಳು. ಅಪ್ಪ ಅದನ್ನು ನೋಡಿಬಿಟ್ಟ. ಮುಂದಿನ ವಾರದಿಂದ ಸಂಜೆ ಹೊತ್ತು ಅವಳನ್ನು ಎದುರು ಕೂರಿಸಿಕೊಂಡು ಟವೆಲ್ಲು ಹೊದಿಸಿ ಬೆರಳಿನ ಲೆಕ್ಕ ಕಲಿಸತೊಡಗಿದ. ಹೆಣ್ಣುಮಗಳಿಗೆ ಈ ವಿದ್ಯೆ ಯಾಕೆ ಎಂದು ಅವ್ವ ಅಡುಗೆಮನೆಯಿಂದ ಗೊಣಗಿದಳು. ಸಣ್ಣಾಕಿಗೆ ಯಾಕೆ ಇಲ್ಲ ಎಂದೂ ಕೇಳಿದಳು. ನಾನು ಜೋಳದ ಚೀಲಗಳ ಹಿಂದೆ ಕೂತು ಕಿವಿ ನೆಟ್ಟಗೆ ಮಾಡಿಕೊಂಡೆ. ಅಪ್ಪ ಹೇಳಿದ ಮಾತು ಇವತ್ತಿಗೂ ಅದೇ ದನಿಯಲ್ಲಿ ಕೇಳಿಸುತ್ತದೆ.

"ಈರಿ ಮುಖದಾಗ ಏನೂ ಕಾಣೂದಿಲ್ಲ ನೋಡು. ಸುವ್ವಿದು ಹಂಗಲ್ಲ. ಒಳಗ ಏನ್ ಬೇಯಾಕತ್ತೈತಿ ಅಂತ ಹಾದ್ಯಾಗ ಹೋಗಾವರಿಗೂ ತಿಳೀತೈತಿ. ಕೈ ಮುಚ್ಚಾಕ ಟವೆಲ್ಲ ಐತಿ, ಮಾರಿ ಮುಚ್ಚಾಕ ಏನ್ ಹೊಚ್ಚಲಿ?"

ಸುವ್ವಿ ಎಂದರೆ ನಾನು, ಸುವರ್ಣಾ. ಆ ದಿನ ನಾನು ಗೋಡೆಯ ಸಣ್ಣ ಕನ್ನಡಿಯ ಮುಂದೆ ನಿಂತು, ಅಕ್ಕನ ಹಾಗೆ ಮುಖ ಇಟ್ಟುಕೊಳ್ಳಲು ನೋಡಿದೆ. ಹುಬ್ಬು ಸುಮ್ಮನಿದ್ದರೆ ಮೂಗಿನ ಹೊಳ್ಳೆ ಅರಳುತ್ತಿತ್ತು, ಮೂಗನ್ನು ಹಿಡಿದಿಟ್ಟರೆ ತುಟಿ ನಡುಗುತ್ತಿತ್ತು. ಅಪ್ಪ ಹೇಳಿದ್ದು ಖರೆ ಎಂದು ಗೊತ್ತಾದಾಗ ಇನ್ನಷ್ಟು ಉರಿಯಿತು. ಊಟದ ಹೊತ್ತಿಗೆ ಅಕ್ಕ ಅಪ್ಪನ ಬಲಕ್ಕೆ ಕೂರುತ್ತಿದ್ದಳು, ನಾನು ಅವ್ವನ ಹತ್ತಿರ. ಅಪ್ಪ ತನ್ನ ತಾಟಿನ ಗುರೆಳ್ಳು ಚಟ್ನಿಯನ್ನು ಅವಳ ರೊಟ್ಟಿಯ ಮೇಲೆ ಹಾಕುವುದನ್ನು ನಾನು ನೋಡಲೇಬಾರದು ಎಂದುಕೊಂಡು ಪ್ರತಿ ದಿನವೂ ನೋಡುತ್ತಿದ್ದೆ. ನನಗೂ ಹಾಕುತ್ತಿದ್ದ ಎನ್ನಿ. ಆದರೆ ನನಗೆ ಹಾಕುವಾಗ ಕೇಳಿ ಹಾಕುತ್ತಿದ್ದ, ಅವಳಿಗೆ ಕೇಳದೆ ಹಾಕುತ್ತಿದ್ದ. ಈ ವ್ಯತ್ಯಾಸ ಬೇರೆ ಯಾರಿಗೂ ಕಾಣದಿದ್ದದ್ದೇ ನನಗೆ ಸೋಜಿಗ. ಪರೀಕ್ಷೆಯಲ್ಲಿ ಮೊದಲ ನಂಬರು ಬಂದ ದಿನ ಅಪ್ಪ ತಲೆ ನೇವರಿಸಿ ನಾಲ್ಕಾಣೆ ಕೊಟ್ಟ. ಅದೇ ಸಂಜೆ ಅಕ್ಕನ ಜೊತೆ ಟವೆಲ್ಲು ಹೊದ್ದು ಒಂದು ತಾಸು ಕೂತ. ಆ ನಾಲ್ಕಾಣೆಯನ್ನು ನಾನು ಹಿತ್ತಿಲ ಬಾವಿಗೆ ಎಸೆದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ನಮ್ಮ ಕಡೆ ಕೆರೆಮಣ್ಣು ತಂದು ಎತ್ತು ಮಾಡಿ ಪೂಜೆ ಮಾಡುತ್ತಾರೆ. ಅವ್ವ ಎರಡು ಎತ್ತು, ಅವುಗಳ ಮೇವಿಗೆ ಒಂದು ಗ್ವಾದಲಿ ಮಾಡಿ ಸಜ್ಜೆಯ ಕಾಳು ಅಂಟಿಸುತ್ತಿದ್ದಳು. ಅಕ್ಕ ಮತ್ತು ನಾನು ನಮ್ಮ ನಮ್ಮ ಜೋಡಿ ಮಾಡುತ್ತಿದ್ದೆವು. ಆ ವರ್ಷ ನನ್ನ ಎತ್ತುಗಳು ಅಂದವಾಗಿ ಬಂದಿದ್ದವು. ಬೆನ್ನ ಮೇಲೆ ಇಣಿ ಎತ್ತಿ, ಕೋಡಿಗೆ ಅರಿಶಿನ ಹಚ್ಚಿ, ಕೊರಳಿಗೆ ಕೆಂಪು ದಾರ ಕಟ್ಟಿದ್ದೆ. ಅಕ್ಕನವು ಎತ್ತೋ ಕತ್ತೆಯೋ ಹೇಳುವುದು ಕಷ್ಟ. ಪೂಜೆ ಮುಗಿದು ಹೋಳಿಗೆ ಉಂಡ ಮೇಲೆ ಅಪ್ಪ ತಮಾಷೆಗೆ ಅಕ್ಕನನ್ನು ಕರೆದು, ನಿನ್ನ ಎತ್ತು ಮಾರತೀ ಏನು ಎಂದು ಕೇಳಿ ಟವೆಲ್ಲು ಹೊದಿಸಿದ. ಅವಳು ಕಣ್ಣು ಅರೆಮುಚ್ಚಿ ಬೆರಳು ಕೊಟ್ಟಳು. ಅಪ್ಪ ತಲೆ ಅಲ್ಲಾಡಿಸಿ ಮತ್ತೆ ಹಿಡಿದ. ಹೀಗೆ ಆ ಕತ್ತೆಯಂಥ ಮಣ್ಣೆತ್ತುಗಳಿಗೆ ಅವರಿಬ್ಬರು ಎಷ್ಟೋ ಹೊತ್ತು ಚೌಕಾಸಿ ಮಾಡಿದರು, ನಡುನಡುವೆ ಅಪ್ಪ ಕೇಳಿಸದಷ್ಟು ಮೆಲ್ಲಗೆ ನಗುತ್ತಿದ್ದ. ನನ್ನ ಎತ್ತುಗಳ ಬೆಲೆ ಯಾರೂ ಕೇಳಲಿಲ್ಲ. ಮರುದಿನ ಅಕ್ಕನ ಎತ್ತುಗಳಿಗೆ ಕಾಲು ಇರಲಿಲ್ಲ. ಬೆಕ್ಕು ಕೆಡವಿರಬೇಕು ಎಂದು ಅವ್ವ ಅಂದಳು. ಅಕ್ಕ ನನ್ನ ಉಗುರುಗಳನ್ನು ನೋಡಿದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಲಿಸದಿದ್ದರೆ ಕದ್ದು ಕಲಿಯುತ್ತೇನೆ ಎಂದು ನಾನು ಹಟಕ್ಕೆ ಬಿದ್ದದ್ದು ಆಮೇಲೆಯೇ. ಶೇಂಗಾ ಒಡೆಯುವ ನೆಪದಲ್ಲಿ ಪಡಸಾಲೆಯ ಮೂಲೆಯಲ್ಲಿ ಕೂರುತ್ತಿದ್ದೆ. ಬೆರಳು ಕಾಣುವುದಿಲ್ಲ, ಸರಿ. ಆದರೆ ಮುಂಗೈ ಕಾಣುತ್ತದಲ್ಲ. ಕಿರುಬೆರಳು ಹಿಡಿದರೆ ಮುಂಗೈಯ ಹೊರಬದಿಯ ನರ ಏಳುತ್ತದೆ, ಮೂರು ಬೆರಳು ಸೇರಿಸಿ ಹಿಡಿದರೆ ಮಣಿಕಟ್ಟು ಒಳಕ್ಕೆ ತಿರುಗುತ್ತದೆ, ಇಡೀ ಅಂಗೈಗೆ ಮೊಣಕೈ ಮುಂದೆ ಬರುತ್ತದೆ. ಗೆಣ್ಣು ಒತ್ತುವಾಗ ಅಪ್ಪನ ಬಲಭುಜ ಒಂದಿಷ್ಟು ತಗ್ಗುತ್ತಿತ್ತು. ವ್ಯಾಪಾರ ಕುದುರಿ, ಹಗ್ಗ ಕೈ ಬದಲಿಸಿ, ರೊಕ್ಕ ಎಣಿಸುವಾಗ ಬೆಲೆ ಹೊರಗೆ ಬರುತ್ತಿತ್ತು. ನಾನು ಮನಸ್ಸಿನಲ್ಲಿ ಹಿಡಿದಿದ್ದ ಬೆಲೆಗೆ ಅದನ್ನು ತಾಳೆ ನೋಡುತ್ತಿದ್ದೆ. ಮೊದಮೊದಲು ಎಲ್ಲವೂ ತಪ್ಪು. ಆ ಹಂಗಾಮು ಮುಗಿಯುವ ಹೊತ್ತಿಗೆ ಹತ್ತರಲ್ಲಿ ಎಂಟು ಸರಿ ಬರುತ್ತಿದ್ದವು. ಹನ್ನೊಂದು ವರ್ಷದ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ, ಆದರೆ ಹೇಳಿಕೊಳ್ಳುವುದಾದರೂ ಯಾರ ಮುಂದೆ? ಹೇಳಿಕೊಳ್ಳದ ಜಾಣತನ ಹೊಟ್ಟೆಯಲ್ಲಿ ಕೂತು ಕೊಳೆಯುತ್ತದೆ.

ಒಂದು ಮಧ್ಯಾಹ್ನ ಇರಕಲ್ಲಗಡದ ಮುದುಕರೊಬ್ಬರು ಒಂದು ಜೋಡಿ ಬಿಳಿ ಎತ್ತು ತಂದಿದ್ದರು. ಕೊಳ್ಳಲು ಕುಷ್ಟಗಿಯ ರೈತರೊಬ್ಬರು ಬಂದಿದ್ದರು, ಬಾಯಿ ತುಂಬ ಎಲೆಯಡಿಕೆ, ಮಾತು ತುಂಬ ಚೇಷ್ಟೆ. ಅಪ್ಪ ಮುದುಕರ ಕೈ ಹಿಡಿದು ಬಂದ, ಆಮೇಲೆ ಕುಷ್ಟಗಿಯವರ ಕೈ ಹಿಡಿದ. ಅಕ್ಕ ಅಪ್ಪನ ಪಕ್ಕ ಎಂದಿನ ಹಾಗೆ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಚಹಾ ತಂದಿಟ್ಟೆ. ಕುಷ್ಟಗಿಯವರು ಅಕ್ಕನನ್ನು ನೋಡಿ, ದೊಡ್ಡ ಮಗಳು ನಿಮ್ಮಂಗ ಅದಾಳ ಬಿಡ್ರಿ, ನಿಮ್ಮ ಹಿಂದ ಈ ಅಂಗಳಾ ನಡಸತಾಳ ಎಂದರು. ನನ್ನನ್ನು ನೋಡಿ, ಮತ್ತ ಇದು? ಎಂದು ಕೇಳಿದರು. ಅಪ್ಪ ತಲೆಯೆತ್ತದೆ, ಇದು ಸಾಲಿಗೆ ಹೋಗತೈತಿ ಎಂದ. ಅಷ್ಟೇ. ಮಳೆ ಬರ್ತೈತಿ, ಬಸ್ಸು ಹೋಗತೈತಿ ಅಂದ ಹಾಗೆ. ನನ್ನ ಕೈಯಲ್ಲಿ ಚಹಾದ ತಾಟು ಇತ್ತು, ಬಾಯಲ್ಲಿ ಹಂಗಾಮಿಡೀ ಹಿಡಿದಿಟ್ಟುಕೊಂಡ ಮಾತು ಇತ್ತು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅವರು ಮೂರೂವರಿಗೆ ಕೊಡ್ತಾರ, ಇವರು ನಾಕು ಅಂದಾರ. ಮತ್ತ ಯಾಕ ತಡಾ ಅಪ್ಪಾ?"

ಇದರ ಅನಾಹುತ ಎತ್ತಿನ ವ್ಯಾಪಾರ ನೋಡದವರಿಗೆ ತಿಳಿಯಲಿಕ್ಕಿಲ್ಲ. ಮಾರುವವನಿಗಿಂತ ಕೊಳ್ಳುವವನೇ ಹೆಚ್ಚು ಬೆಲೆ ಹಿಡಿದಿದ್ದರೆ ದಲಾಲ ಅದನ್ನು ಇಬ್ಬರಿಗೂ ಹೇಳುವುದಿಲ್ಲ. ಮುದುಕನನ್ನು ಸ್ವಲ್ಪ ಏರಿಸಿ, ಕುಷ್ಟಗಿಯವನನ್ನು ಸ್ವಲ್ಪ ಇಳಿಸಿ, ಇಬ್ಬರಿಗೂ ತಾವೇ ಗೆದ್ದೆವು ಅನ್ನಿಸುವ ಜಾಗದಲ್ಲಿ ತಂದು ನಿಲ್ಲಿಸುತ್ತಾನೆ. ಅದೇ ಅವನ ಕಸುಬು. ಆ ಜಾಗ ತಲುಪುವ ಮೊದಲೇ ಎರಡೂ ಬೆಲೆ ಹೊರಗೆ ಬಿದ್ದರೆ ದಲಾಲ ಕಳ್ಳನಂತೆ ಕಾಣುತ್ತಾನೆ. ಮುದುಕರು ಟವೆಲ್ಲಿನ ಕಡೆ ನೋಡಿ ಮೆಲ್ಲಗೆ ಕೇಳಿದರು.

"ನಡುವಿನ ಐನೂರು ಯಾರಿಗಂತ ಇಟ್ಟಿದ್ರಿ ದಲಾಲರ?"

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕುಷ್ಟಗಿಯವರಿಂದ ಪೂರ್ತಿ ನಾಲ್ಕು ಸಾವಿರ ಮುದುಕರ ಕೈಗೆ ಕೊಡಿಸಿದ, ತನ್ನ ದಲಾಲಿ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಆದರೂ ಮಾತು ಊರೂರು ಹಬ್ಬಿತು. ಎಷ್ಟೋ ಸಂತೆಗಳ ತನಕ ನಮ್ಮ ಅಂಗಳದ ಅರ್ಧ ಗೂಟಗಳು ಖಾಲಿ ಇದ್ದವು, ಅವ್ವ ಹಿಟ್ಟು ಕಡಿಮೆ ಹಾಕಿ ನಾದುತ್ತಿದ್ದಳು. ಅವತ್ತು ನನ್ನನ್ನು ಯಾರೂ ಹೊಡೆಯಲಿಲ್ಲ. ಅವರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಒಂದು ಸಲ ನೋಡಿದ, ಆಮೇಲೆ ಅಕ್ಕನನ್ನು ಬಹಳ ಹೊತ್ತು ನೋಡಿದ. ನನಗೆ ಹೊಳೆಯಿತು. ಬೆರಳಿನ ಲೆಕ್ಕ ಗೊತ್ತಿರುವುದು ಅಕ್ಕನಿಗೆ ಮಾತ್ರ, ಹಾಗಾಗಿ ಅವಳೇ ನನಗೆ ಬಾಯಿ ಬಿಟ್ಟಿದ್ದಾಳೆ ಎಂದು ಅಪ್ಪ ತಿಳಿದಿದ್ದಾನೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಕ್ಕ ಹೇಳಿಲ್ಲಪ್ಪಾ, ನಾನೇ ಮುಂಗೈ ನೋಡಿ ಕಲಿತೆ, ಅಂತ. ನಾನು ಹೇಳಲಿಲ್ಲ. ಅಕ್ಕನೂ ಬಾಯಿ ತೆರೆಯಲಿಲ್ಲ. ಮರುದಿನ ಸಂಜೆ ಟವೆಲ್ಲು ಅಪ್ಪನ ಹೆಗಲ ಮೇಲೆಯೇ ಉಳಿಯಿತು, ಅಕ್ಕ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು ಸೊಪ್ಪು ಸೋಸಿದಳು. ಅದರ ಮರುದಿನವೂ ಅಷ್ಟೇ. ಮನೆಗೆ ಬಂದ ಕಷ್ಟ ನನ್ನ ಕಣ್ಣಿಗೆ ಕಾಣುತ್ತಿತ್ತು, ಆದರೂ ನನಗೆ ಖುಷಿಯಾಗಿತ್ತು. ಇದನ್ನು ಮುಚ್ಚಿಟ್ಟು ಆತ್ಮಕಥೆ ಬರೆಯುವುದರಲ್ಲಿ ಅರ್ಥವಿಲ್ಲ. ಆ ತಿಂಗಳುಗಳಲ್ಲಿ ನಾನು ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದೆ.

ಮುಂದಿನ ಜೂನ್‌ನಲ್ಲಿ ಅಪ್ಪ ನನ್ನನ್ನು ಕೊಪ್ಪಳದ ಹಾಸ್ಟೆಲ್ಲಿಗೆ ಹಾಕಿದ. ಸುವ್ವಿಗೆ ಸಾಲಿ ಛಲೋ ಹತ್ತೈತಿ, ಇಲ್ಲಿ ಇದ್ರ ಕೆಡತಾಳ ಎಂದು ಬಂದವರಿಗೆಲ್ಲ ಹೇಳಿದ. ಕಡೆಗೂ ಅಪ್ಪ ನನ್ನ ಬೆಲೆ ಕಂಡುಕೊಂಡ ಎಂದು ನಾನು ಬೀಗಿದೆ. ಹಸಿರು ಬಣ್ಣದ ಟ್ರಂಕು, ಎರಡು ಹೊಸ ಲಂಗ, ಡಬ್ಬಿ ತುಂಬ ಶೇಂಗಾ ಹೋಳಿಗೆ. ಬಸ್ ಸ್ಟ್ಯಾಂಡಿಗೆ ಅಕ್ಕನೂ ಬಂದಿದ್ದಳು. ಬಸ್ಸು ಹೊರಟಾಗ ನೋಡುತ್ತೇನೆ, ಅವಳ ಮುಖ ಅಳುವಿನಿಂದ ಚೂರು ಚೂರಾಗಿತ್ತು. ಹೋರಿ ತುಳಿದಾಗ ಅಲುಗದ ಮುಖ! ನನಗೆ ಸಿಕ್ಕ ವಿದ್ಯೆ ತನಗೆ ಸಿಗಲಿಲ್ಲ ಎಂದು ಉರಿದುಕೊಳ್ಳುತ್ತಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ. ಕೊಪ್ಪಳದ ತನಕ ಆ ಅಳುವನ್ನು ನೆನೆನೆನೆದು ಹೋಳಿಗೆ ತಿಂದೆ.

ಅಲ್ಲಿಂದ ಮುಂದಿನದು ಎಲ್ಲರಿಗೂ ಹೇಳಿಕೊಳ್ಳುವಂಥ ಕಥೆ. ಧಾರವಾಡದಲ್ಲಿ ಬಿ.ಕಾಂ. ಮುಗಿಸಿದೆ. ಗಂಗಾವತಿಯಲ್ಲಿ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಅಕ್ಕಿ ಗಿರಣಿಯವರ ಅರ್ಜಿಗಳನ್ನು ನೋಡಿದೆ. ಗಿರಣಿಯವರು ಪಾನಕದಷ್ಟು ಸಿಹಿಯಾದ ಚಹಾ ತರಿಸಿ, ಎಲ್ಲ ಸರಿ ಐತಿ ಮೇಡಂ ಎನ್ನುವಾಗ ನಾನು ಅವರ ಮುಂಗೈ ನೋಡುತ್ತಿದ್ದೆ. ವಿದ್ಯಾರ್ಥಿವೇತನ ಸಿಕ್ಕಿ ಹಣಕಾಸು ಓದಲು ಸ್ಕಾಟ್ಲೆಂಡಿಗೆ ಹೋದೆ. ಚಳಿ, ಸಪ್ಪೆ ಊಟ, ಹಾಸಿಗೆಯಷ್ಟೇ ಅಗಲದ ಕೋಣೆ, ನನ್ನ ಉಚ್ಚಾರ ಕೇಳಿ ಎರಡೆರಡು ಸಲ ಪ್ರಶ್ನೆ ಕೇಳುವ ಜನ. ಒಂದು ತರಗತಿಯಲ್ಲಿ ನಮ್ಮನ್ನು ಇಬ್ಬಿಬ್ಬರನ್ನಾಗಿ ಕೂರಿಸಿ, ಒಂದು ಕಂಪನಿಯನ್ನು ಒಬ್ಬ ಮಾರಬೇಕು, ಇನ್ನೊಬ್ಬ ಕೊಳ್ಳಬೇಕು, ತಮ್ಮ ಕೊನೆಯ ಬೆಲೆಯನ್ನು ಬಿಟ್ಟುಕೊಡಬಾರದು ಎಂಬ ಅಭ್ಯಾಸ ಕೊಟ್ಟರು. ಎದುರಿಗೆ ಕೂತ ಹುಡುಗ ಪೆನ್ನು ಹಿಡಿದ ರೀತಿ ನೋಡಿಯೇ ನನಗೆ ಅವನ ಕೊನೆಯ ಬೆಲೆ ತಿಳಿಯಿತು. ನಾಲ್ಕು ಸುತ್ತು ಆಡಿಸಿದರು, ನಾಲ್ಕೂ ಸಲ ನಾನೇ ಗೆದ್ದೆ. ಇದನ್ನೆಲ್ಲಿ ಕಲಿತೆ ಎಂದು ಪಾಠ ಮಾಡುವವರು ಕೇಳಿದರು. ಅಪ್ಪ ಕಲಿಸಿದ್ದು ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ಎರಡು ದಿನ ನನಗೆ ರೊಟ್ಟಿ ಉಂಡಷ್ಟು ತೃಪ್ತಿಯಾಗಿತ್ತು.

ಅಲ್ಲಿದ್ದಾಗಲೇ ಒಂದು ಭಾನುವಾರ ಫೋನಿನಲ್ಲಿ ಅವ್ವ ಮನೆ ಸುದ್ದಿ ಹೇಳುತ್ತಾ, ಅಪ್ಪ ಅಕ್ಕನನ್ನು ಎಂದೋ ಮತ್ತೆ ಪಕ್ಕಕ್ಕೆ ಕೂರಿಸಿಕೊಂಡಿದ್ದಾನೆ ಎಂಬುದನ್ನು ಮಾತಿನ ನಡುವೆ ಆಡಿದಳು. ರಜೆಗೆ ಬಂದಾಗ ನನಗೆ ಇದು ಕಾಣದಂತೆ ನಡೆದುಕೊಂಡಿದ್ದರು! ಅಷ್ಟರಲ್ಲಿ ಅಕ್ಕನಿಗೆ ಅಳವಂಡಿಯ ಹುಡುಗನ ಜೊತೆ ಮದುವೆಯಾಗಿ, ಅವನೇ ನಮ್ಮ ಮನೆಗೆ ಬಂದು ನೆಲೆಸಿದ್ದ. ಅಕ್ಕ ಸಂತೆಗೆ ಹೋಗುತ್ತಿದ್ದಳು. ಗಂಡಸರ ಎತ್ತಿನ ವ್ಯಾಪಾರಕ್ಕೆ ಅವಳು ಕೈ ಕೊಡುವಂತಿರಲಿಲ್ಲ. ಆದರೆ ಆಡು ಕುರಿ ಮಾರಲು ಬರುವ ಹಳ್ಳಿಯ ಹೆಂಗಸರು ಇದ್ದರಲ್ಲ. ಗಂಡಸು ದಲಾಲರ ಕೈಯಲ್ಲಿ ಕೈ ಇಡಲಾರದೆ, ಬಾಯಲ್ಲಿ ಬೆಲೆ ಹೇಳಿ, ಹೇಳಿದ ತಕ್ಷಣ ಮೋಸ ಹೋಗುತ್ತಿದ್ದವರು ಅವರು. ಅಕ್ಕ ಅವರ ಕೈಯನ್ನು ತನ್ನ ಸೆರಗಿನ ಕೆಳಗೆ ತೆಗೆದುಕೊಂಡು ಬೆಲೆ ಕೇಳಿ ಅಪ್ಪನಿಗೆ ದಾಟಿಸುತ್ತಿದ್ದಳು, ಅಪ್ಪ ಕೊಳ್ಳುವವರ ಜೊತೆ ಕುದುರಿಸುತ್ತಿದ್ದ. ಈರವ್ವ ಇದ್ದರೆ ಮಾತ್ರ ಆಡು ಹೊಡೆದುಕೊಂಡು ಬರುತ್ತೇವೆ ಎನ್ನುವ ಹೆಂಗಸರು ಹತ್ತಾರು ಹಳ್ಳಿಗಳಲ್ಲಿ ಇದ್ದರಂತೆ. ಇದನ್ನು ಕೇಳಿ ಒಳ್ಳೆಯವರಾಗಿದ್ದರೆ ಹೆಮ್ಮೆ ಪಡುತ್ತಿದ್ದರು. ನಾನು ಫೋನು ಇಟ್ಟು, ಹೆಪ್ಪುಗಟ್ಟುವ ಚಳಿಯಲ್ಲಿ ಎರಡು ಮೈಲಿ ನಡೆದೆ. ಆ ವರ್ಷ ತರಗತಿಗೆ ನಾನೇ ಮೊದಲಿಗಳಾದೆ, ಎಲ್ಲವೂ ಆ ಉರಿಯಲ್ಲಿ ಓದಿದ್ದು.

ಮುಂದೆ ಲಂಡನ್ನಿನಲ್ಲಿ ಕೆಲವು ವರ್ಷ, ಆಮೇಲೆ ಮುಂಬೈ. ದೊಡ್ಡ ಕಂಪನಿಗಳಿಗೆ ಸಾಲ ಕೊಡಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸ. ತಂದ ಕಾಗದಗಳನ್ನು ಓದಲು ನನಗಿಂತ ಜಾಣರಿದ್ದರು, ನಾನು ತಂದವರನ್ನು ನೋಡುತ್ತಿದ್ದೆ. ಒಂದೊಂದೇ ಮೆಟ್ಟಿಲು ಹತ್ತಿ ಆ ವಿಭಾಗಕ್ಕೇ ಮುಖ್ಯಸ್ಥೆಯಾದೆ. ಸಂದರ್ಶನ ಮಾಡಲು ಬಂದವರಿಗೆಲ್ಲ ಅಪ್ಪನ ಟವೆಲ್ಲಿನ ಕಥೆ ಹೇಳಿದೆ, ಸಂಜೆ ಹೊತ್ತು ನನ್ನನ್ನು ಎದುರು ಕೂರಿಸಿಕೊಂಡು ಹೇಗೆ ಕಲಿಸುತ್ತಿದ್ದ ಎಂದು ಬಣ್ಣಿಸಿದೆ. ಆ ಕಥೆಯಲ್ಲಿ ಅಕ್ಕ ಇರಲಿಲ್ಲ. ಹೇಳಿ ಹೇಳಿ ನನಗೇ ಆ ಸಂಜೆಗಳು ನೆನಪಿಗೆ ಬರತೊಡಗಿದವು, ಅಪ್ಪನ ಬೆರಳಿನ ಒರಟು ಕೂಡ.

ಅಪ್ಪನಿಗೆ ಲಕ್ವ ಹೊಡೆದ ಸುದ್ದಿ ಬಂದಾಗ ವಿಮಾನ, ರೈಲು, ಕಾರು ಹಿಡಿದು ಮರುದಿನ ಬೆಳಿಗ್ಗೆ ಮನೆ ಮುಟ್ಟಿದೆ. ಅಪ್ಪನ ಮಾತು ನಿಂತಿತ್ತು, ಎಡಭಾಗ ಬಿದ್ದಿತ್ತು. ಬಲಗೈ ಮಾತ್ರ ಇತ್ತು, ಅದೂ ನಡುಗುತ್ತಿತ್ತು. ಅಕ್ಕ ಹಾಸಿಗೆಯ ಪಕ್ಕ ಕೂತು ಆ ಕೈಯನ್ನು ಹಿಡಿದುಕೊಂಡಿದ್ದಳು. ಅಪ್ಪ ಬೆರಳು ಒತ್ತುತ್ತಿದ್ದ, ಅವಳು ನೀರು ಕುಡಿಸುತ್ತಿದ್ದಳು. ಇನ್ನೊಂದು ಬೆರಳು ಒತ್ತುತ್ತಿದ್ದ, ಅವಳು ಕಿಟಕಿ ತೆರೆಯುತ್ತಿದ್ದಳು. ನಾನು ಅವರ ಮುಂಗೈ ನೋಡಿದೆ, ಆ ನಡುಕದಲ್ಲಿ ಒಂದೂ ತಿಳಿಯಲಿಲ್ಲ. ಜಗತ್ತಿನ ಎಂತೆಂಥ ಧನಿಕರ ಮನಸ್ಸನ್ನು ಓದಿದವಳು ನಾನು, ನನ್ನ ಅಪ್ಪನಿಗೆ ಬಾಯಾರಿದೆಯೋ ಸೆಕೆಯೋ ಎಂದು ಅಕ್ಕನನ್ನು ಕೇಳಬೇಕಾಯಿತು. ಹದಿನೆಂಟು ದಿನ ಹೀಗೆ ನಡೆಯಿತು. ಅಪ್ಪ ಹೋದ ದಿನ ನನಗೆ ದುಃಖ ಒಂದು ಕಡೆ ಇತ್ತು, ಕೊನೆಯ ಮಾತೂ ಅವಳ ಕೈಗೇ ಹೋಯಿತಲ್ಲ ಎಂಬ ಸಂಕಟ ಇನ್ನೊಂದು ಕಡೆ. ಯಾವುದು ದೊಡ್ಡದು ಎಂದು ಕೇಳಬೇಡಿ.

ಹೋದ ವರ್ಷ ಕೊಪ್ಪಳದ ಒಂದು ಹೆಣ್ಣುಮಕ್ಕಳ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದರು. ಅಕ್ಕ ನಾನೇ ಕೊಡಿಸಿದ್ದ ಇಳಕಲ್ ಸೀರೆ ಉಟ್ಟು ಬಂದು ಮೊದಲ ಸಾಲಿನಲ್ಲಿ ಕೂತಳು. ಅವಳು ಬರುತ್ತಾಳೆಂದು ಮೊದಲೇ ಗೊತ್ತಿದ್ದರೆ ಬೇರೇನಾದರೂ ಮಾತಾಡುತ್ತಿದ್ದೆನೋ ಏನೋ. ಬಾಯಿ ಪಾಠವಾದ ಕಥೆ ತಾನಾಗಿ ಹೊರಗೆ ಬಂತು. ಸಂಜೆಗಳು, ಟವೆಲ್ಲು, ಅಪ್ಪನ ಎದುರು ನಾನು. ಹುಡುಗಿಯರು ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಬಸ್ಸಿನಲ್ಲಿ ಯಲಬುರ್ಗಾ ಮುಟ್ಟುವ ತನಕ ಅವಳು ಆಡಿದ್ದು ಆಡಿನ ಮೇವಿನ ಮಾತು. ಮನೆಗೆ ಬಂದು ಸೀರೆ ಬದಲಿಸಿ, ಮಡಚಲು ನನಗೊಂದು ತುದಿ ಕೊಟ್ಟು, ತಾನೊಂದು ತುದಿ ಹಿಡಿದು ದೂರ ನಿಂತಳು.

"ಭಾಷಣಾ ಛಲೋ ಇತ್ತು. ಅಪ್ಪ ನಿನಗ ಯಾವಾಗ ಕಲಿಸಿದ್ದ ಸುವ್ವಿ?"

ಇಷ್ಟು ವರ್ಷ ತಡೆದಿದ್ದನ್ನು ನಾನು ಅಲ್ಲೇ ನಿಂತು ಹೇಳಿಬಿಟ್ಟೆ. ಅಪ್ಪ ಕಲಿಸಿರಲಿಲ್ಲ, ನಿಮ್ಮ ಕೈ ನೋಡಿ ಕದ್ದು ಕಲಿತಿದ್ದೆ ಎಂದೆ. ಇರಕಲ್ಲಗಡದವರ ಎತ್ತಿನ ದಿನ ಅಪ್ಪ ನಿನ್ನನ್ನು ತಪ್ಪು ತಿಳಿದ, ನಾನು ಬೇಕೆಂದೇ ಸುಮ್ಮನಿದ್ದೆ, ನನ್ನಿಂದ ನಿನ್ನ ಕಲಿಕೆ ನಿಂತಿತು ಎಂದೆ. ಕ್ಷಮಿಸು ಎನ್ನುವ ಹೊತ್ತಿಗೆ ಅಳು ಬಂತು. ಅಕ್ಕ ಸೀರೆಯ ಅಂಚು ಸರಿ ಮಾಡುತ್ತಿದ್ದಳು.

"ಅಪ್ಪ ನನ್ನ ಯಾಕ ತಪ್ಪು ತಿಳೀತಾನ? ಅವತ್ತಿನ ಬೆಲಿ ನನಗೂ ಗೊತ್ತಿರಲಿಲ್ಲ. ನೀ ನಮ್ಮ ಮುಂಗೈ ನೋಡಾಕತ್ತಿದ್ದಿ ಅಂತ ಅವತ್ತ ನಮ್ಮಿಬ್ಬರಿಗೂ ಗೊತ್ತಾತು. ಅಪ್ಪ ಸಿಟ್ಟಾಗಿರಲಿಲ್ಲ. ಹಿಗ್ಗಿದ್ದ. ಹೊಚ್ಚಿದ ಕೈ ಓದಾಕಿನ್ನ ನಾ ಇನ್ನೂ ನೋಡಿದ್ದಿಲ್ಲ, ನಾಳಿಂದ ಆಕಿನ್ನೂ ಕುಂದರಿಸ್ಕೊಂಡು ಕಲಸತೇನಿ ಅಂದ."

ಸೀರೆಯ ತುದಿ ನನ್ನ ಕೈಯಿಂದ ಜಾರಿತು. ಅಕ್ಕ ಬಗ್ಗಿ ಎತ್ತಿಕೊಟ್ಟಳು. ಮತ್ತೆ ಯಾಕೆ ಕಲಿಸಲಿಲ್ಲ ಎಂದು ಕೇಳಿದೆ. ತಾನು ಬಿಡಲಿಲ್ಲ ಎಂದಳು. ಸುವ್ವಿ ಕೂತರೆ ನಾನು ಕೂರುವುದಿಲ್ಲ ಎಂದು ಹಟ ಹಿಡಿದು ಅಡುಗೆಮನೆ ಸೇರಿದ್ದು ಅವಳೇ ಅಂತೆ, ಅಪ್ಪ ಅವಳನ್ನು ಕೈಬಿಟ್ಟಿರಲೇ ಇಲ್ಲ. ಸುವ್ವಿಗೆ ಶಾಲೆ ಚೆನ್ನಾಗಿ ಹತ್ತುತ್ತದೆ, ಕೊಪ್ಪಳದಲ್ಲಿ ಇಡು ಎಂದು ಜೂನ್ ತನಕ ಪ್ರತಿ ದಿನ ಅಪ್ಪನ ಕಿವಿಯಲ್ಲಿ ಹೇಳಿದ್ದೂ ಅವಳೇ. ಬಸ್ ಸ್ಟ್ಯಾಂಡಿನ ಅಳು ಏನು ಎಂದೆ. ಕಳಿಸಿದ್ದು ತಾನೇ ಎಂದು ನನಗೆ ತಿಳಿದುಬಿಡುತ್ತದೆ ಎಂದು ಹೆದರಿಕೆಯಾಗಿತ್ತಂತೆ. ಇದೆಲ್ಲವನ್ನೂ ಅವಳು ಮೇವಿನ ಮಾತಾಡಿದ ದನಿಯಲ್ಲೇ ಹೇಳಿದಳು. ಯಾಕಕ್ಕಾ ಎಂದು ಕೇಳಿದಾಗ ಮಾತ್ರ ಮುಖ ಎತ್ತಿದಳು.

"ನನಗ ಕೈ ಹಿಡದು ಕಲಸಾಕ ಅಪ್ಪಗ ಮೂರು ವರ್ಷ ಹತ್ತಿತು. ನೀ ದೂರ ಕುಂತು ಶೇಂಗಾ ಒಡಕೋತ ಒಂದು ಹಂಗಾಮಿನಾಗ ಕಲತಿ. ನೀ ಕುಂತಿದ್ರ ನನಗ ಅಪ್ಪ ಉಳೀತಿದ್ದನೇನು?"

ನಾನು ಓದಿದ ಶಾಲೆ, ಸ್ಕಾಟ್ಲೆಂಡು, ಲಂಡನ್ನು, ಮುಂಬೈಯ ಆ ಎತ್ತರದ ಕುರ್ಚಿ, ಎಲ್ಲದರ ಹಿಂದೆ ಇದ್ದದ್ದು ಹದಿಮೂರು ವರ್ಷದ ಹುಡುಗಿಯೊಬ್ಬಳ ಹೊಟ್ಟೆಕಿಚ್ಚು. ಆ ಮನೆಯಲ್ಲಿ ಅದು ನನ್ನೊಬ್ಬಳ ಸೊತ್ತು ಎಂದು ತಿಳಿದಿದ್ದೆ. ಅದರಲ್ಲೂ ಅಕ್ಕ ನನಗಿಂತ ಮುಂದಿದ್ದಳು. ಇದನ್ನು ಓದುವವರು ನಾನು ಅವಳಿಗೆ ಋಣಿಯಾಗಿರಬೇಕು ಎನ್ನಬಹುದು, ನನ್ನ ಗೆಳತಿಯರೂ ಹಾಗೇ ಅಂದರು. ಆದರೆ ಆ ಕ್ಷಣ ನನಗೆ ಹಾಗೇನೂ ಅನ್ನಿಸಲಿಲ್ಲ. ನಾಳೆಯಿಂದ ಕೂರಿಸಿಕೊಂಡು ಕಲಿಸುತ್ತೇನೆ ಎಂದು ಅಪ್ಪ ಅಂದಿದ್ದನಲ್ಲ, ಆ ನಾಳೆ ನನ್ನದಾಗಿತ್ತು. ಐವತ್ತು ದಾಟಿದ ಹೆಂಗಸು ನಾನು, ಸೀರೆಯ ಮಡಿಕೆ ಹಿಡಿದು ನಿಂತು ಮಗುವಿನ ಹಾಗೆ ಹೇಳಿದೆ.

"ನನಗ ಪರದೇಶ ಬೇಕಾಗಿರಲಿಲ್ಲ ಅಕ್ಕಾ. ಅಪ್ಪನ ಬಾಜೂಕ ಕುಂದರೋದು ಬೇಕಾಗಿತ್ತು."

ಅಕ್ಕ ಹತ್ತಿರ ಬಂದು ನನ್ನ ಕೈಯಿಂದ ಸೀರೆ ತೆಗೆದುಕೊಂಡಳು.

"ಗೊತ್ತಿತ್ತು," ಅಂದಳು. "ಅದಕ್ಕ ಕೊಡಲಿಲ್ಲ."